ನೀಲವ್ವ ವೈನಿಯ ನಾನಖಟಾಯಿ

ಉಪ್ಪು ಹಾಕಿದ್ದು ನಾನು.

ಆ ದೀಪಾವಳಿಗೆ ನಮ್ಮ ನೀಲವ್ವ ವೈನಿ ಮಾಡಿ ಹಂಚಿದ ನಾನಖಟಾಯಿಯನ್ನು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಅಂಗಳಕ್ಕೆ ಓಡಿ ಉಗುಳಿದವರೇ — ಇಳಕಲ್ಲಿನ ಓಣಿಯವರೇ, ಹುನಗುಂದದ ಬೀಗರೇ, ಬಾದಾಮಿಯವರೇ — ಅದು ವೈನಿಯ ಕೈತಪ್ಪಲ್ಲ, ತಲೆಯ ತಪ್ಪಂತೂ ಅಲ್ಲವೇ ಅಲ್ಲ. ಈ ಈರಣ್ಣನ ಕಿತಾಪತಿ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಈಗ ಹೇಳಿಬಿಟ್ಟೆ ನೋಡಿ — ಸೀರೆಯ ಗಂಟನ್ನು ದಿನವಿಡೀ ಹೊತ್ತು ಕೊನೆಗೆ ಕಟ್ಟೆಯ ಮೇಲೆ ಇಳಿಸಿದ ಹಾಗಾಯಿತು.

ನನ್ನನ್ನು ಅರಿಯದವರಿಗೆ ಎರಡು ಮಾತು. ಈ ಜಿಲ್ಲೆಯಲ್ಲಿ ಅಂಥವರು ಇದ್ದರೆ ಅದು ಅವರ ದುರ್ದೈವ. ನಾನು ಇಳಕಲ್ ಸೀರೆಯನ್ನು ಊರೂರಿಗೆ ಹೊತ್ತು ಮಾರಿ ಬದುಕಿದವನು. ಆದರೆ ಸೀರೆಗಿಂತ ನನ್ನ ಚೇಷ್ಟೆಯೇ ಹೆಚ್ಚು ಹೆಸರುವಾಸಿ. ಬಾದಾಮಿಯಲ್ಲಿ ಪ್ರವಾಸಿಗರ ಗುಂಪಿಗೆ ನಾನೇ ಗೈಡು ಎಂದು ಹೇಳಿ, ಕೆರೆಯ ದಂಡೆಯ ಕಲ್ಲೊಂದನ್ನು ತೋರಿಸಿ, "ರಾಜ ಇಲ್ಲೇ ಕೂತು ಎಲಿಅಡಿಕಿ ಹಾಕೋತಿದ್ದ" ಎಂದು ಅದಕ್ಕೆ ಕೈ ಮುಗಿಸಿದ್ದೇನೆ. ಅದು ಬಟ್ಟೆ ಒಗೆಯುವ ಕಲ್ಲು. ನನ್ನ ಮದುವೆಯ ದಿನ ಗೆಳೆಯನಿಗೆ ಬಾಸಿಂಗ ಕಟ್ಟಿ ಕುದುರೆ ಹತ್ತಿಸಿ, ನಾನು ಬ್ಯಾಂಡಿನವರ ನಡುವೆ ಕುಣಿದುಕೊಂಡು ಹೋದೆ. ಮಾವನವರು ಅವನ ಕಾಲು ತೊಳೆಯಲು ತಂಬಿಗೆ ಎತ್ತಿಯೂ ಆಗಿತ್ತು. ಬೈದವರೂ ಕೊನೆಗೆ ನಕ್ಕರು. ನಾನು ಮಾಡಿದ್ದಕ್ಕೆಲ್ಲ ಜನ ಕೊನೆಗೆ ನಕ್ಕಿದ್ದಾರೆ. ಇದೊಂದನ್ನು ಬಿಟ್ಟು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನಮ್ಮ ಕಡೆ ವೈನಿ-ಮೈದುನರ ಚೇಷ್ಟೆ ಹಕ್ಕಿನದು, ಯಾರೂ ತಡೆಯುವುದಿಲ್ಲ. ಅವರೂ ಕಡಿಮೆಯವರಲ್ಲ — ನಾನು ಬೀಗರ ಮನೆಗೆ ಹೊರಟ ದಿನ ಇಸ್ತ್ರಿ ಮಾಡಿದ ಅಂಗಿಯ ಎರಡೂ ತೋಳಿನ ಬಾಯಿ ಹೊಲಿದಿಟ್ಟಿದ್ದರು. ಅದಕ್ಕೆ ಉತ್ತರ ಕೊಡಬೇಕೆಂದು ನಾನು ಕಾಯುತ್ತಿದ್ದೆ.

ದೀಪಾವಳಿಗೆ ಕರಿಯುವುದನ್ನೆಲ್ಲ ಮನೆಯಲ್ಲಿ ಕರಿದರೂ, ನಾನಖಟಾಯಿಗೆ ಭಟ್ಟಿಗೇ ಹೋಗಬೇಕು. ಹಬ್ಬದ ಮುಂದೆ ಬೇಕರಿಯವರು ತಮ್ಮ ಭಟ್ಟಿಯನ್ನು ಊರವರಿಗೆ ಬಿಡುತ್ತಾರೆ. ಮೈದಾ, ರವೆ, ಡಾಲ್ಡಾ, ಪುಡಿ ಮಾಡಿದ ಸಕ್ಕರೆ, ಏಲಕ್ಕಿ — ಎಲ್ಲ ಮನೆಯಿಂದ ಒಯ್ದು, ಹೆಂಗಸರು ಅಲ್ಲೇ ಕುಳಿತು ಕಲಸಿ, ಉಂಡೆ ಒತ್ತಿ ತಗಡಿನ ಮೇಲೆ ಜೋಡಿಸಿಕೊಟ್ಟರೆ ಬೇಯಿಸಿ ಕೊಡುತ್ತಾರೆ. ರಮ್ಜಾನ್ ಮುಂದೆ ಪಕ್ಕದ ಮನೆಯ ಹಮೀದಾಬಿಯ ಸರದಿ, ದೀಪಾವಳಿ ಮುಂದೆ ನಮ್ಮದು. ಅವರ ಡಬ್ಬಿ ನಮ್ಮನೆಗೆ, ನಮ್ಮ ಡಬ್ಬಿ ಅವರಲ್ಲಿಗೆ. ವೈನಿಯ ನಾನಖಟಾಯಿಗಾಗಿ ಬಾದಾಮಿಯಲ್ಲಿರುವ ಅವರ ತಂಗಿ ಹಬ್ಬಕ್ಕಿಂತ ಮುಂಚೆಯೇ ಖಾಲಿ ಡಬ್ಬಿ ಕಳಿಸುತ್ತಿದ್ದಳು.

ಅಣ್ಣನ ಮಗಳು ಸುಜಾತಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಭಟ್ಟಿಗೆ ಹೋಗುವ ದಿನ ವೈನಿ ಸ್ನಾನಕ್ಕೆ ಹೋದಾಗ, ಸಕ್ಕರೆಪುಡಿಯ ಡಬ್ಬಿಯಿಂದ ಅರ್ಧ ತೆಗೆದು, ಅಷ್ಟೇ ಪುಡಿ ಉಪ್ಪು ಬೆರೆಸಿದೆ. ನೋಡಲು ಏನೂ ವ್ಯತ್ಯಾಸವಿಲ್ಲ. ನನ್ನ ಅಂದಾಜು ಇಷ್ಟೇ — ಮೊದಲ ತಗಡು ಹೊರಬಂದೊಡನೆ ವೈನಿ ಒಂದು ಮುರಿದು ಬಾಯಿಗೆ ಹಾಕುತ್ತಾರೆ, ಚೀರುತ್ತಾರೆ, ಭಟ್ಟಿಯ ತುಂಬ ನಗೆ, ನಾನು ಓಟ. ಬೇರೆ ಸಕ್ಕರೆ ತಂದುಕೊಡಲೂ ತಯಾರಿದ್ದೆ.

ಆದರೆ ವೈನಿಗೆ ಒಂದು ನೇಮವಿತ್ತು. ಅವರ ಅವ್ವ ಕಲಿಸಿದ್ದು — ಮೊದಲು ಮಂದಿಗೆ, ಆಮೇಲೆ ಮನೆಗೆ. ಹಬ್ಬಕ್ಕೆ ಮಾಡಿದ್ದು ಎಲ್ಲರ ಮನೆ ಮುಟ್ಟುವವರೆಗೆ ತಾವು ರುಚಿ ನೋಡುತ್ತಿರಲಿಲ್ಲ, ಮಕ್ಕಳಿಗೂ ಮುಟ್ಟಗೊಡುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಚೇಷ್ಟೆಯ ಹುರುಪಿನಲ್ಲಿ — ಹೊಳೆಯಲೇ ಇಲ್ಲ.

ಬೇಕರಿಯ ಚಾಚಾ, "ಬಿಸಿ ಅದಾವ, ಒಂದ್ ತಿಂದ ನೋಡ್ರೆವ್ವಾ" ಅಂದರು.

"ಹಂಚಿದ ಮ್ಯಾಲೆ, ಚಾಚಾ" ಅಂದರು ವೈನಿ.

ಡಬ್ಬಿಗಳು ಅಲ್ಲೇ ತುಂಬಿದವು. ಹುನಗುಂದಕ್ಕೆ, ಬಾದಾಮಿಗೆ ಒಯ್ಯಬೇಕಾದವನು ಯಾರು? ಸೀರೆ ಹೊತ್ತು ಅತ್ತಲೇ ಹೊರಟಿದ್ದ ನಾನೇ. ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿಗಳ ಚೀಲ ಹಿಡಿದು ನಿಂತಿದ್ದೆ. ಅಲ್ಲಿಂದ ತಿರುಗಿ ಬರಬಹುದಿತ್ತು. ಒಂದು ಕ್ಷಣ ಹಾಗೆ ಅನ್ನಿಸಿತು ಕೂಡ. ಆಮೇಲೆ ಇನ್ನೊಂದು ಯೋಚನೆ ಬಂತು — ಒಂದು ಭಟ್ಟಿ ನಕ್ಕರೆ ಏನು ದೊಡ್ಡದು, ಮೂರು ಊರು ಉಗುಳಿದರೆ! ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಗುತ್ತ ಹೋದೆ.

ಹಬ್ಬದ ದಿನ ಮನೆಗೆ ಬಂದಾಗ ವೈನಿ ಒಲೆಯ ಮುಂದೆ ಕುಳಿತಿದ್ದರು. ಅರ್ಧ ಕಚ್ಚಿದ ನಾನಖಟಾಯಿ ಅಂಗೈಯಲ್ಲಿತ್ತು. ಹಮೀದಾಬಿ ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುತ್ತಿದ್ದಳು.

"ಹೋಗ್ಲಿ ಬಿಡು ನೀಲವ್ವಾ, ಹಬ್ಬದ ಗಡಿಬಿಡಿಯಾಗ ಉಪ್ಪಿನ ಡಬ್ಬಿಗೆ ಕೈ ಹೋಗೇತಿ."

"ಇಲ್ಲಬೇ. ನಮ್ಮ ಅವ್ವಗೂ ಹಿಂಗ ಸುರುವಾಗಿತ್ತು" ಅಂದರು ವೈನಿ.

ಅವರ ಅವ್ವನಿಗೆ ಮರೆವಿನ ಕಾಯಿಲೆ ಇತ್ತು. ಮೊದಲು ಅಡುಗೆ ತಪ್ಪಿತು, ಆಮೇಲೆ ದಾರಿ ತಪ್ಪಿತು, ಕೊನೆಗೆ ತನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಮಗಳನ್ನೇ "ನೀ ಯಾರ ಮಗಳವ್ವಾ?" ಎಂದು ಕೇಳುತ್ತಿದ್ದಳಂತೆ.

ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆದೆ. ನಾನೇ ಹಾಕಿದ್ದು ಎಂದು ಹೇಳಲೆಂದೇ ತೆರೆದೆ — ಹಾಗೆಂದು ಇವತ್ತು ನಂಬಬೇಕು ಅನ್ನಿಸುತ್ತದೆ. ಆದರೆ ಹೊರಗೆ ಬಂದ ಮಾತು ಬೇರೆ.

"ವೈನಿ, ಮುಂದಿನ ವರ್ಷ ಉಪ್ಪಿನಕಾಯಿಗೆ ಸಕ್ಕರಿ ಹಾಕ್ರಿ, ಲೆಕ್ಕ ಸರಿ ಆಗ್ತೈತಿ!"

ಅಣ್ಣ ನಕ್ಕ. ಸುಜಾತಾ ನಕ್ಕಳು. ವೈನಿ ಎದ್ದು ಕೈ ತೊಳೆದುಕೊಂಡರು.

ಅವತ್ತಿನಿಂದ ಅವರು ನಾನಖಟಾಯಿಯ ಹಿಟ್ಟಿಗೆ ಕೈ ಹಾಕಲಿಲ್ಲ. ಅದು ನನ್ನ ಹೆಂಡತಿಯ ಪಾಲಿಗೆ ಬಂತು. ಅಷ್ಟೇ ಆಗಿದ್ದರೆ… ಅಷ್ಟೇ ಆಗಲಿಲ್ಲ. ಸಾರಿಗೆ ಉಪ್ಪು ಹಾಕಿ, "ಹಾಕಿದ್ನೇನ್ರಿ?" ಎಂದು ಅಣ್ಣನನ್ನು ಕೇಳುವರು. ಬೀಗ ಹಾಕಿ, ಓಣಿಯ ತುದಿಯಿಂದ ತಿರುಗಿ ಬಂದು ಜಗ್ಗಿ ನೋಡುವರು. ಹೆಣ್ಣುಮಕ್ಕಳ ಸಂಘದ ಜವಾಬ್ದಾರಿ ಬಿಟ್ಟರು. ಒಬ್ಬರೇ ಬಾದಾಮಿಗೆ ತಂಗಿಯ ಮನೆಗೆ ಹೋಗುವುದನ್ನೂ ಬಿಟ್ಟರು. ಚಾಳೀಸಿನ ಕನ್ನಡಕ ಎಲ್ಲೋ ಇಟ್ಟು ಹುಡುಕಿದರೆ ಸಾಕು, ಮನೆಯವರು "ಸುರುವಾತ ನೋಡು" ಅನ್ನುವರು. ಆ ಮಾತನ್ನು ಎಲ್ಲರಿಗಿಂತ ಜೋರಾಗಿ ಅಂದವನು ನಾನೇ. ಚಾಳೀಸು ಯಾರದು ಕಳೆಯುವುದಿಲ್ಲ?

ಅಣ್ಣ ತೀರಿಕೊಳ್ಳುವ ಮುಂದೆ ನನ್ನ ಕೈ ಹಿಡಿದು, "ಈರಣ್ಣಾ, ಅಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಅಕಿಗೆ ಅವ್ವನಂಗ ಆಗ್ತೈತಿ" ಅಂದ. ನಾನು "ಹೂಂ" ಅಂದೆ. ಆಗಲೂ ಅಷ್ಟೇ ಅಂದೆ.

ಯಾಕೆ ಹೇಳಲಿಲ್ಲ ಎಂದರೆ ದೊಡ್ಡ ಕಾರಣವೇನೂ ಇಲ್ಲ. ಈರಣ್ಣ ನಗಿಸುವವನು ಎಂಬ ಹೆಸರು ಹೋದೀತು ಎಂಬ ಅಂಜಿಕೆ. ಅಷ್ಟೇ.

ಈ ವರ್ಷ ಹಬ್ಬದ ಮುಂದೆ ವೈನಿ ತಾವಾಗಿಯೇ ದವಾಖಾನೆಗೆ ಹೋಗೋಣ ಅಂದರು. ಸುಜಾತಾ ಈಗ ಬಾಗಲಕೋಟೆಯಲ್ಲಿ ಟೀಚರು. ಅವಳು ಅಲ್ಲಿಯ ವಿದ್ಯಾಗಿರಿಯ ಒಬ್ಬ ಲೇಡಿ ಡಾಕ್ಟರ ಕಡೆ ಕರೆದೊಯ್ದಳು — ನಮ್ಮ ಮಾತಿನಲ್ಲಿ ಡಾಕ್ಟರ್ ಬಾಯಿ. ಜೊತೆಗೆ ನಾನು. ಮರೆವು ಯಾವಾಗಿನಿಂದ ಎಂದು ಸಣ್ಣ ವಯಸ್ಸಿನ ಆ ಡಾಕ್ಟರ್ ಕೇಳಿದಳು. ವೈನಿ ಆ ದೀಪಾವಳಿಯ ಕತೆಯನ್ನು ಎಳೆ ಎಳೆಯಾಗಿ ಹೇಳಿದರು — ಎಲ್ಲ ಕಾಯಿಲೆಗೂ ಅದೇ ಮೊದಲು ಅನ್ನುವ ಹಾಗೆ.

"ಇನ್ನೇನ ಎಲ್ಲಾ ಮರೀತೇನಿ. ಹೇಳ್ರಿ ಡಾಕ್ಟರ್, ಎಷ್ಟ ದಿನಾ ಐತಿ? ಮಗಳ ಮಾರಿ ಅಲ್ಲೀತನಕಾ ಕಣ್ತುಂಬ ನೋಡ್ಕೋತೇನಿ."

ಕುರ್ಚಿಯಲ್ಲಿ ನನಗೆ ಕೂಡಲು ಆಗಲಿಲ್ಲ. "ಡಾಕ್ಟರ್ ಬಾಯಿ, ಆ ಉಪ್ಪ ನಾ ಹಾಕಿದ್ದು."

ವೈನಿ ಹೊರಳಿ ನನ್ನನ್ನು ನೋಡಿದರು. ಆಮೇಲೆ — ನಕ್ಕರು.

"ನೋಡ್ರಿ ನಮ್ಮ ಮೈದುನನ್ನ. ನಾ ಅಳಬಾರ್ದಂತ ಸುಳ್ಳ ಹೇಳಾಕತ್ತಾನ."

"ಕಾಕಾ, ಇಲ್ಲೂ ನಿಮ್ಮ ಚಾಷ್ಟಿ ಬೇಕಾ?" ಎಂದು ಸುಜಾತಾ ಸಿಡಿದಳು.

ಆಣೆ ಹಾಕಿದೆ. ಕೊರಳಿನ ಲಿಂಗ ಮುಟ್ಟಿ ಹೇಳಿದೆ. ಯಾರು ನಂಬುತ್ತಾರೆ? ಜೀವನಪೂರ್ತಿ ಆಣೆ ಹಾಕಿಯೇ ಜನರನ್ನು ಮಂಗ ಮಾಡಿದವನು ನಾನು. ಖರೆ ಹೇಳಿದಾಗ ಯಾರೂ ನಂಬದಿರುವುದು ಎಂಥ ಸಂಕಟ ಎಂದು ಅವತ್ತು ಗೊತ್ತಾಯಿತು. ಆಗ ನೆನಪಾಯಿತು.

"ವೈನಿ, ತಗದ ಸಕ್ಕರೀನ ಪೇಪರಿನ್ಯಾಗ ಕಟ್ಟಿ ಇಡ್ಲಿ ಪಾತ್ರಿಯೊಳಗ ಇಟ್ಟಿದ್ದೆ. ಅಟ್ಟದ ಮ್ಯಾಲಿನ ಪಾತ್ರಿ."

ವೈನಿಯ ನಗೆ ನಿಂತಿತು. ರೊಟ್ಟಿ ತಿನ್ನುವ ನಮ್ಮ ಮನೆಯಲ್ಲಿ ಆ ಪಾತ್ರೆ ಕೆಳಗಿಳಿಯುವುದು ಅಪರೂಪ.

"ಇರಿವಿ ಮುತ್ತಿದ್ವು" ಅಂದರು ನಿಧಾನವಾಗಿ. "ಭಾಳ ದಿನಾ ಆದ ಮ್ಯಾಲ ಸಿಕ್ತು. ಸಕ್ಕರಿ ಅಲ್ಲಿ ಇಟ್ಟ, ಉಪ್ಪ ಇಲ್ಲಿ ಹಾಕೇನಿ, ನನ್ನ ತಲಿ ಪೂರಾ ಹೋತು ಅಂತ… ಹಿತ್ತಲದಾಗ ಚೆಲ್ಲಿ ಬಂದೆ. ನಿಮ್ಮಣ್ಣಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ." ಆಮೇಲೆ ಮತ್ತೆ ಕೇಳಿದರು, "ಹಂಗಾರ ಅದೂ ನಾ ಅಲ್ಲ?"

"ಅಲ್ರಿ ವೈನಿ. ಎರಡೂ ನಾನ."

ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎಷ್ಟೋ ವರ್ಷದಿಂದ ಹಿಡಿದಿದ್ದ ಉಸಿರು ಅದು.

ಡಾಕ್ಟರ್ ಬಾಯಿ ಏನೇನೋ ಕೇಳಿದಳು, ಬರೆಸಿದಳು, ಎಣಿಸಲು ಹೇಳಿದಳು. ಕೊನೆಗೆ, ವಯಸ್ಸಿಗೆ ತಕ್ಕ ಮರೆವು, ಇವತ್ತಿಗೆ ಹೆದರುವಂಥದ್ದು ಏನೂ ಕಾಣುತ್ತಿಲ್ಲ ಅಂದಳು. ಹೊರಗೆ ಮೆಟ್ಟಿಲ ಮೇಲೆ ಕುಳಿತು ವೈನಿ ಅತ್ತರು. ಅಳುತ್ತಲೇ ನಗಲು ಶುರುಮಾಡಿದರು. ಒಂದು ಹೊಡೆದುಬಿಡಲಿ ಎಂದು ನಾನು ಪಕ್ಕದಲ್ಲೇ ಕುಳಿತೆ. ಹೊಡೆಯಲಿಲ್ಲ.

"ನಿಮ್ಮಣ್ಣ ಇದ್ದಾಗ ಹೇಳಬೇಕಿತ್ತಲ್ಲೋ. ಅವರು ಹೆದರಿಕೊಂಡ ಹ್ವಾದ್ರು."

ಉಳಿದದ್ದೆಲ್ಲ ಹಗುರಾಯಿತು, ಇದು ಆಗುವುದಿಲ್ಲ. ಆಗಬಾರದು.

ಮೊನ್ನೆ ವೈನಿ ಭಟ್ಟಿಗೆ ಬಂದರು. ಸೆರಗು ಸಿಕ್ಕಿಸಿ ಹಿಟ್ಟಿಗೆ ಕೈ ಹಾಕಿದರು. ಸಕ್ಕರೆ ಹಾಕಿದೆನೇ ಎಂದು ಯಾರನ್ನೂ ಕೇಳಲಿಲ್ಲ. ನನಗೆ ಮಾತ್ರ ದೂರದ ಗೋಡೆ ತೋರಿಸಿ, "ಅಲ್ಲೇ ಕುಂದರು. ಕೈ ಎರಡೂ ಕಾಣೂ ಹಂಗ ಇಟ್ಕೋ" ಅಂದರು. ಭಟ್ಟಿಯ ಹೆಂಗಸರೆಲ್ಲ ನಕ್ಕರು. ಈ ವಯಸ್ಸಿನಲ್ಲಿ ಕೈ ಮುಂದೆ ಚಾಚಿಕೊಂಡು ಕುಳಿತೆ. ನನ್ನನ್ನು ನೋಡಿ ಜನ ನಕ್ಕದ್ದು ನನಗೇ ಇಷ್ಟು ಹಿತವಾದದ್ದು ಅದೇ ಮೊದಲು.

ಡಬ್ಬಿ ಹಂಚುವ ಕೆಲಸಕ್ಕೆ ಚೀಲ ಎತ್ತಿಕೊಂಡೆ. ವೈನಿ ಬಾದಾಮಿಯ ಡಬ್ಬಿಯನ್ನು ಹೊರತೆಗೆದು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು.

"ಇದನ್ನ ನಾ ಒಯ್ತೇನಿ."

"ಅವ್ವಾ, ನಾನೂ ಬರ್ತೇನಿ" ಅಂದಳು ಸುಜಾತಾ.

"ಬ್ಯಾಡ. ಒಬ್ಬಾಕಿನ ಹೋಗ್ತೇನಿ."

ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕ ಕುಳಿತರು, ಡಬ್ಬಿ ತೊಡೆಯ ಮೇಲೆ. ನಾನು ಕೆಳಗೆ ನಿಂತಿದ್ದೆ. ನಾಲಿಗೆ ತುರಿಸುತ್ತಿತ್ತು — "ವೈನಿ, ಬಾದಾಮ್ಯಾಗ ಇಳೀರಿ ಮತ್ತ, ಮರತ ಬಿಟ್ಟೀರಿ!" ಮೊದಲಾಗಿದ್ದರೆ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿರುತ್ತಿದ್ದೆ. ಕಂಡಕ್ಟರ್ ಸೀಟಿ ಊದಿದ. ಎಲ್ಲಿ ಇಳಿಯಬೇಕೆಂದು ಅವರಿಗೆ ನಾನು ಹೇಳಲಿಲ್ಲ.