ತಟ್ಟೆ ಕಸಿದವಳಿಗೆ ಎರಡು ರೊಟ್ಟಿ

ಎಮ್ಮೆಗೆ ಲಸಿಕೆ ಹಾಕಿ ಕೈ ತೊಳೆಯುತ್ತಿದ್ದ ದನದ ಡಾಕ್ಟರಮ್ಮನ ಗಲ್ಲ ಹಿಡಿದು ನಮ್ಮತ್ತೆ ಬೆಳಕಿಗೆ ತಿರುಗಿಸಿದರು. "ಇದೇ ಗುಳಿ. ನೀನು ಆ ಸಿನಿಮಾದ ಪುಟ್ಟಿ ಅಲ್ಲೇನವ್ವಾ?"

ಡಾಕ್ಟರಮ್ಮ ನಕ್ಕು ಹೌದೆಂದರು. ಆರನೇ ವಯಸ್ಸಿಗೇ ನಾಡನ್ನೆಲ್ಲ ಅಳಿಸಿದ್ದ ಬಾಲನಟಿ ನಲ್ಲೂರಿನ ನಮ್ಮ ಕೊಟ್ಟಿಗೆಯಲ್ಲಿ ಗಮ್‌ಬೂಟು ಹಾಕಿಕೊಂಡು ನಿಂತಿದ್ದರು.

ಆ ಸಿನಿಮಾದಲ್ಲಿ ಮಲತಾಯಿ ಮಗುವಿನ ಮುಂದಿನ ತಟ್ಟೆ ಕಸಿಯುತ್ತಾಳೆ. ಅದನ್ನು ನೋಡಿದಂದಿನಿಂದ, ಮಲತಾಯಿಯಾಗಿದ್ದ ನಟಿ ಟಿ.ವಿ.ಯಲ್ಲಿ ಬಂದರೆ ಸಾಕು, ಅತ್ತೆ ಶಾಪ ಹಾಕಿ ಚಾನೆಲ್ ಬದಲಿಸುತ್ತಿದ್ದರು.

"ಅವತ್ತು ಆಕೆ ಉಣ್ಣಾಕೆ ಬಿಡ್ಲಿಲ್ಲ. ಇವತ್ತು ಉಂಡೇ ಹೋಗ್ಬೇಕು" ಎಂದು ಡಾಕ್ಟರಮ್ಮನನ್ನು ಮಣೆ ಹಾಕಿ ಕೂರಿಸಿದರು. ಸಾಕೆಂದು ಅಡ್ಡ ಹಿಡಿದ ಕೈಯನ್ನು ಪಕ್ಕಕ್ಕೆ ಸರಿಸಿ, ಬೆಣ್ಣೆ ಸವರಿದ ಜೋಳದ ರೊಟ್ಟಿ ಹಾಕುತ್ತಲೇ ಹೋದರು.

ಮೂರನೇ ರೊಟ್ಟಿಗೆ ಡಾಕ್ಟರಮ್ಮ ಬಾಯಿಬಿಟ್ಟರು. "ಅಜ್ಜಿ, ಶೂಟಿಂಗ್ ನಿಂತ ಕೂಡಲೇ ತೊಡೆ ಮೇಲೆ ಕೂರಿಸ್ಕೊಂಡು ನಂಗೆ ತುತ್ತು ಕೊಡ್ತಿದ್ದದ್ದೇ ಆಕೆ. ಸಿನಿಮಾ ಸಾಕು, ಹುಡುಗೀನ ಸ್ಕೂಲಿಗೆ ಕಳಿಸಿ ಅಂತ ನಮ್ಮಪ್ಪನ ಹತ್ರ ಜಗಳ ಆಡಿದ್ದೂ ಆಕೇನೇ."

 ಅತ್ತೆ ಎದ್ದು ಹೋಗಿ ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ತಂದರು. "ಇದನ್ನ ಆಕೆಗೆ ಮುಟ್ಟಿಸ್ತೀಯೇನವ್ವಾ?"

ಈಗ ನಮ್ಮ ಮನೆಯಲ್ಲಿ ಆ ನಟಿ ಬಂದರೆ ಚಾನೆಲ್ ಬದಲಾಗುವುದಿಲ್ಲ. ಮೊನ್ನೆ ಧಾರಾವಾಹಿಯಲ್ಲಿ ಆಕೆ ಸೊಸೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅತ್ತೆ ಆರಾಮಾಗಿ ಕಾಲು ಚಾಚಿ ಹೇಳಿದರು, "ಬೈಲಿ ಬಿಡು. ಆಮೇಲೆ ಉಣ್ಣಿಸ್ತಾಳೆ."