ಮೀಟರಿನ ಮೇಲಿನ ಕುಂಕುಮ

ಕೊಣನೂರಿನಲ್ಲಿ ನನ್ನಂಗೆ ಜೀಪು ಓಡಿಸುವವನು ಇನ್ನೊಬ್ಬನಿರಲಿಲ್ಲ. ಅವತ್ತು ಮಾತ್ರ ಗಾಬರಿ ಬಿದ್ದಿದ್ದೆ. ಹಿಂದಿನ ಸೀಟಿನಲ್ಲಿ ಅತ್ತಿಗೆ ಹೆರಿಗೆ ನೋವಿನಿಂದ ಕೂಗುತ್ತಿದ್ದರು. ಹಾಸನದ ಆಸ್ಪತ್ರೆ ಇನ್ನೂ ದೂರ. ಆಕ್ಸಿಲರೇಟರ್ ಎಷ್ಟು ತುಳಿದರೂ ಜೀಪು ವೇಗ ಹಿಡಿಯುತ್ತಿಲ್ಲ, ಸುಟ್ಟ ವಾಸನೆ ಬೇರೆ.

ಅರಕಲಗೂಡಿನ ಏರಿನಲ್ಲಿ ಕೈ ಅಡ್ಡ ಹಿಡಿದು ಹತ್ತಿದ್ದ ಹಿರಿಯರೊಬ್ಬರು ಪಕ್ಕದಲ್ಲಿದ್ದರು.

"ತಮ್ಮಾ, ಮೀಟರ್ ಮೇಲೆ ಕೆಂಪು ದೀಪ ಉರೀತಿದೆ."

"ಅದು ಆಯುಧಪೂಜೆ ಕುಂಕುಮ ಕಣ್ಸಾ! ಸುಮ್ಕೆ ಕುಂತ್ಕಳಿ!"

"ಕುಂಕುಮ ಉರಿಯುತ್ತೇನಪ್ಪಾ?"

ಬಗ್ಗಿ ನೋಡಿದೆ. ಕುಂಕುಮದ ಪಕ್ಕದಲ್ಲೇ ಬ್ರೇಕಿನ ದೀಪ ಉರಿಯುತ್ತಿತ್ತು. ಅವರನ್ನು ಹತ್ತಿಸಿಕೊಳ್ಳುವಾಗ ಎಳೆದ ಹ್ಯಾಂಡ್ ಬ್ರೇಕ್ ಹಾಗೇ ಇತ್ತು! ಬಿಟ್ಟೊಡನೆ ಜೀಪು ಹಾರಿತು.

"ನಾಚ್ಕೋಬೇಡ," ಅಂದರು. "ನಾನು ವಿಮಾನ ಓಡಿಸಿದವನು. ಗಾಬರಿಯಲ್ಲಿ ಕಣ್ಣೆದುರಿನ ಕೆಂಪು ದೀಪ ನನಗೂ ಒಂದ್ಸಲ ಕಂಡಿರಲಿಲ್ಲ."

ಆಸ್ಪತ್ರೆ ಬಾಗಿಲು ಮುಟ್ಟುತ್ತಲೇ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಕ್ಷೇಮ.

ಕೊಣನೂರಿನಲ್ಲಿ ನನ್ನಂಥ ಡ್ರೈವರ್ ಈಗಲೂ ಇಲ್ಲ. ಮೀಟರಿಗೆ ಮಾತ್ರ ಬರೀ ಅರಿಶಿನ ಹಚ್ಚುತ್ತೇನೆ.