ಆರತಿ ಆಗುವ ತನಕ ಯಾರೂ ಏಳುವಂತಿಲ್ಲ

ಮೊನ್ನೆ ಕರೆಂಟ್ ಹೋದಾಗ ಅವ್ವ ಹಳೇ ಧೋತರದ ಚೂರನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿದಳು. ಆ ವಾಸನೆಗೆ ನಮ್ಮ ಓಣಿಯ ಗೊಂದಲಿಗ ಕಾಕಾ ನೆನಪಾದರು... ದೀವಟಿಗೆ ಹಿಡಿದು ಅಂಬಾಭವಾನಿಯ ಕಥೆ ಹಾಡುವ ಮನೆತನ ಅವರದು.

ಆಗ ನಾನು ಸಿಂದಗಿಯಲ್ಲಿ ಕಾಲೇಜಿಗೆ, ಅಂದರೆ ಕಾಲೇಜಿನ ಕಡೆಗೆ, ಹೋಗುತ್ತಿದ್ದೆ. ಒಬ್ಬ ಚಿತ್ರಕಾರ ತನ್ನ ಪ್ರದರ್ಶನದ ಉದ್ಘಾಟನೆಗೆ ಕಾಕಾರನ್ನು ಹಾಡಲು ಕರೆದಿದ್ದ. ಹಿಮ್ಮೇಳ ಹಿಡಿಯುವ ಅವರ ತಮ್ಮನಿಗೆ ಅಂದು ಜ್ವರ. ನಾನು ಎದೆ ತಟ್ಟಿಕೊಂಡು ಹೊರಟೆ. ನನಗೆ ಬರುತ್ತಿದ್ದುದು 'ಹೌದೌದು, ಮುಂದ?' ಎನ್ನುವುದೊಂದೇ. ಅದನ್ನೂ ಹೊತ್ತು ತಪ್ಪಿ, ಕಥೆಯ ರಾಕ್ಷಸ ಸತ್ತು ಮಣ್ಣಾದ ಮೇಲೆ ಅವನನ್ನೇ ಕೇಳಿದಂತೆ ಕೇಳುತ್ತಿದ್ದೆ.

ಪ್ರದರ್ಶನದ ಗೋಡೆಯ ಮೇಲೆ ಕಾಕಾರದೇ ದೊಡ್ಡ ಚಿತ್ರ. ಓದು ಬಾರದ ಕಾಕಾ ಕೆಳಗೆ ಅಂಟಿಸಿದ ಚೀಟಿಯನ್ನು ನನ್ನಿಂದ ಓದಿಸಿದರು. ಓದಿದೆ. 'ಭಿಕ್ಷುಕ' ಎಂದಿತ್ತು.

"ಕಾಕಾ, ಮನಿಗಿ ಹೋಗೂಣೇನ್ರಿ?"

"ಯಾಕ ಹೋಗೂದು? ದೀವಟಗಿ ಹಚ್ಚು."

ಹಚ್ಚಿದೆ. ಜೊತೆಗೆ ನನ್ನ ಅಂಗಿಯ ತೋಳನ್ನೂ ಹಚ್ಚಿಕೊಂಡೆ. ಚಿತ್ರಕಾರ ಓಡಿಬಂದ. "ಎರಡ ನಿಮಿಷದಾಗ ಮುಗಸ್ರಿ. ಸಾಹೇಬ್ರು ಊಟಕ್ಕ ಹೋಗಬೇಕು."

ಕಾಕಾ ನಕ್ಕರು. ಗೊಂದಲ ಎಂಬ ಈ ಕಥಾಪೂಜೆಯ ದೀವಟಿಗೆ ಹೊತ್ತಿದ ಮೇಲೆ ಆರತಿ ಆಗುವ ತನಕ ಯಾರೂ ಏಳುವಂತಿಲ್ಲ. ಎದ್ದರೆ ತಾಯಿ ಮುನಿಯುತ್ತಾಳೆ. ಉದ್ಘಾಟನೆಗೆ ಬಂದಿದ್ದ ಸಾಹೇಬರ ಮನೆದೇವರೂ ಅಂಬಾಭವಾನಿಯೇ. ಅವರು ಕೈಮುಗಿದು ಕೂತರು. ಉಳಿದವರೂ ಕೂತರು.

ಕಥೆ ಎಲ್ಲೆಲ್ಲಿಗೋ ಹೋಯಿತು. ಊಟದ ಹೊತ್ತು ಮೀರಿತು. ಸಾಹೇಬರ ಹೊಟ್ಟೆ ಗುರುಗುಟ್ಟುವುದು ಕಾಕಾ ಬಡಿಯುತ್ತಿದ್ದ ಸಂಬಾಳವೆಂಬ ಜೋಡಿ ಚರ್ಮವಾದ್ಯದ ಸದ್ದಿನ ನಡುವೆಯೂ ಕೇಳುತ್ತಿತ್ತು. ಆಗ ಕಾಕಾ ಚಿತ್ರಕಾರನತ್ತ ದೀವಟಿಗೆ ಚಾಚಿ ಹಾಡಿದರು: "ತಾಯಿ ಕೇಳತಾಳ, ನನ್ನ ಮಗಗ ಭಿಕ್ಷುಕ ಅಂದಾವ ಯಾವ?"

"ಹೌದೌದು, ಯಾವ?" ಎಂದೆ. ಜೀವಮಾನದಲ್ಲಿ ಅದೊಂದೇ ಸಲ ಸರಿಯಾದ ಜಾಗದಲ್ಲಿ ಬಾಯಿ ಹಾಕಿದ್ದು.

ಕಾಕಾ ಅದೇ ಸಾಲನ್ನು ತಿರುತಿರುಗಿ ಹಾಡಿದರು. ಸಾಹೇಬರು ಕೂತಲ್ಲಿಂದಲೇ ಗದರಿದರು: "ಏ, ಆ ಚೀಟಿ ಕೀಳೋ ಮಾರಾಯಾ. ನಮ್ಮನ್ನ ಉಪವಾಸ ಕೊಲ್ಲತೀಯೇನು?"

ಚಿತ್ರಕಾರ ಬೆವರುತ್ತಾ ಚೀಟಿ ಕಿತ್ತ. 'ಗೊಂದಲಿಗ' ಎಂದು ಬೇರೆ ಬರೆದು ಅಂಟಿಸಿದ. ನಾನು ಅದನ್ನು ಜೋರಾಗಿ ಓದಿದ ಮೇಲೆಯೇ ಕಾಕಾ ಆರತಿ ಎತ್ತಿದರು. ಬಸ್ಸಿನಲ್ಲಿ ಮೀಸೆಯಡಿ ನಗುತ್ತಾ, "ಇನ್ನಾ ಅರ್ಧ ಕತಿ ಉಳದಿತ್ತು ನೋಡು, ಅಂವಾ ಲಗೂನ ಸೋತ" ಎಂದರು.

ಕಾಕಾ ಹೋಗಿ ಬಹಳ ದಿನವಾಯಿತು. ಅವರ ತಮ್ಮನೂ ಇಲ್ಲ. ಈಚೆಗೆ ಇಂಡಿ ಪಟ್ಟಣದಲ್ಲಿ ಅದೇ ಚಿತ್ರಕಾರನ ಪ್ರದರ್ಶನ ಎಂದು ಕೇಳಿ ಹೋದೆ. ಅದೇ ಚಿತ್ರ. ಕೆಳಗೆ ಮತ್ತೆ 'ಭಿಕ್ಷುಕ'. ಅವನು ದೂರದಲ್ಲಿ ಚಹಾ ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದ. ಅವನನ್ನು ಮತ್ತೆ ಕೂರಿಸಿ ಸೋಲಿಸಬೇಕು ಅನ್ನಿಸಿ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ...

ಕಥೆ ಬರಲಿಲ್ಲ. ನನಗೆ ಬರುವುದು 'ಹೌದೌದು, ಮುಂದ?' ಒಂದೇ.